ನಕಲಿ ಬಿಲ್ ಕೇಸು, ಐದು ಕೋಟಿಯ ಗೆರೆ ಮತ್ತು ಬೇಲ್

ಜಿಎಸ್‌ಟಿ ಕ್ರೆಡಿಟ್ ವಂಚನೆ, ಅಂದರೆ ಮಾಲಿಲ್ಲದ ಬಿಲ್ ತೋರಿಸಿ ಟ್ಯಾಕ್ಸ್ ಉಳಿಸಿಕೊಳ್ಳುವ ಕೇಸಿನಲ್ಲಿ ಅರೆಸ್ಟ್ ಆದವರಿಗೆ ಬೇಲ್ ಕೊಡಬೇಕು. ಬೇಗ ಕೊಡಬೇಕು. ಮೊದಲ ಕೋರ್ಟಿನಲ್ಲೇ ಕೊಡಬೇಕು. ಈ ಮಾತು ಹೇಳಿದರೆ ನನ್ನ ಮನೆಯವರೇ ಸಿಟ್ಟಾಗುತ್ತಾರೆ. "ನಮಗೆ ಸಂಬಳ ಕೈಗೆ ಬರೋ ಮುಂಚೆನೇ ಟ್ಯಾಕ್ಸ್ ಹಿಡ್ಕೋತಾರೆ. ಇವರು ಕೋಟಿಗಟ್ಟಲೆ ನುಂಗಿ ಮನೆಗೆ ಹೋಗ್ಬೇಕಾ?" ಅಂತ ನನ್ನ ಭಾವ ಹಬ್ಬದ ಊಟಕ್ಕೆ ಕೂತಾಗ ಕೇಳಿದರು. ಎಲೆ ಮುಂದೆ ಅಷ್ಟೆಲ್ಲಾ ಹೇಳಲು ಆಗಲಿಲ್ಲ. ಅವರ ಪ್ರಶ್ನೆ ನ್ಯಾಯವಾದದ್ದೇ. ಹಾಗಾಗಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನಾನು ಬೆಂಗಳೂರಿನಲ್ಲಿ ವಕೀಲೆ. ಅದಕ್ಕೂ ಮುಂಚೆ ಚಿಕ್ಕಪೇಟೆಯ ಬಟ್ಟೆ ಅಂಗಡಿಗಳಿಗೆ ಲೆಕ್ಕ ಬರೆಯುತ್ತಿದ್ದೆ. ತಿಂಗಳು ತಿಂಗಳು ಆಗಿನ ವ್ಯಾಟ್ ತೆರಿಗೆಯ ವ್ಯಾಟ್ 100 ಫಾರಂ ತುಂಬುವುದು, ಮಾಲು ಸಾಗಿಸಲು ಇ-ಸುಗಮ ನಂಬರ್ ತೆಗೆಯುವುದು, ಇಲಾಖೆಯ ನೋಟಿಸ್ ಬಂದರೆ ಸಾಹುಕಾರರ ಜೊತೆ ಫೈಲ್ ಹಿಡಿದು ಹೋಗುವುದು. ಸಂಜೆ ಕಾಲೇಜಿನಲ್ಲಿ ಕಾನೂನು ಓದಿದೆ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ನನಗೆ ಲೆಕ್ಕವೂ ಗೊತ್ತಿತ್ತು, ಕೋರ್ಟೂ ಗೊತ್ತಿತ್ತು. ಹಾಗಾಗಿ ಈ ಕೇಸುಗಳು ನನ್ನ ಹತ್ತಿರ ಬರತೊಡಗಿದವು.

ಅವುಗಳಲ್ಲಿ ಒಂದನ್ನು ಹೇಳುತ್ತೇನೆ. ಗುರುತು ಸಿಗಬಾರದು, ಹಾಗಾಗಿ ಊರು, ವ್ಯಾಪಾರ, ಮೊತ್ತ ಯಾವುದನ್ನೂ ಬರೆಯುವುದಿಲ್ಲ.

ಹುಡುಗ ಬಿ.ಕಾಂ ಮುಗಿಸಿ ಒಬ್ಬ ವ್ಯಾಪಾರಿಯ ಹತ್ತಿರ ಅಕೌಂಟ್ಸ್ ಕೆಲಸಕ್ಕೆ ಸೇರಿದ್ದ. ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರ್ ಚೆನ್ನಾಗಿ ಬರುತ್ತಿತ್ತು. ಮಾಲೀಕರು ಕೊಟ್ಟ ಬಿಲ್ಲುಗಳನ್ನು ಎಂಟ್ರಿ ಮಾಡುವುದು, ತಿಂಗಳಿಗೊಮ್ಮೆ ರಿಟರ್ನ್ ಹಾಕುವುದು ಅವನ ಕೆಲಸ. ಒಂದು ದಿನ ಮಾಲೀಕರು, "ಇನ್ನೆರಡು ಫರ್ಮ್ ಇದಾವೆ, ಅವನ್ನೂ ನೀನೇ ನೋಡ್ಕೋಪ್ಪ" ಅಂದರು. ಪೋರ್ಟಲ್‌ನಲ್ಲಿ ಓಟಿಪಿ ಬರಲು ಒಂದು ಮೊಬೈಲ್ ನಂಬರ್ ಬೇಕು. ಮಾಲೀಕರು ಯಾವಾಗಲೂ ಓಡಾಟದಲ್ಲಿರುತ್ತಾರೆ ಅಂತ ಇವನ ನಂಬರೇ ಹಾಕಿಸಿದರು. ಎರಡು ಫರ್ಮ್ ಹೋಗಿ ಐದಾದವು. ಅಧಿಕಾರಿಗಳು ಬಂದ ದಿನ ಮಾಲೀಕರ ಫೋನ್ ಸ್ವಿಚ್ ಆಫ್. ಕಂಪ್ಯೂಟರ್ ಮುಂದೆ ಕೂತಿದ್ದವನು ಇವನೊಬ್ಬನೇ. ಸಮನ್ಸ್ ಕೊಟ್ಟು ಕರೆದುಕೊಂಡು ಹೋದರು. ರಾತ್ರಿಯವರೆಗೆ ಹೇಳಿಕೆ ಬರೆಸಿಕೊಂಡರು. ಬೆಳಗಾಗುವಷ್ಟರಲ್ಲಿ ಅರೆಸ್ಟ್ ಮೆಮೊ ತಯಾರಾಗಿತ್ತು. ಆಮೇಲೆ ಮ್ಯಾಜಿಸ್ಟ್ರೇಟ್, ಅಲ್ಲಿಂದ ಪರಪ್ಪನ ಅಗ್ರಹಾರ.

ಅವನ ತಾಯಿ ನನ್ನ ಆಫೀಸಿಗೆ ಬಂದರು. ಎಮ್ಮೆ ಸಾಕಿ, ಹಾಲು ಮಾರಿ ಮಗನನ್ನು ಓದಿಸಿದವರು. "ಏನು ಕದ್ದವ್ನೆ ಅಂತಾರಮ್ಮ? ಮನೆಯೆಲ್ಲಾ ಜಾಲಾಡಿದ್ರು. ಬೀರುನಾಗೆ ಸಿಕ್ಕಿದ್ದು ನನ್ನ ಎರಡು ಬಳೆ," ಅಂದರು.

ಐಟಿಸಿ, ಅಂದರೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಏನು ಅಂತ ಅವರಿಗೆ ಹೇಗೆ ಹೇಳುವುದು? ನಾನು ಕೇಳಿದೆ, "ಅಮ್ಮ, ನೀವು ಡೈರಿಗೆ ಹಾಲು ಹಾಕ್ತೀರಲ್ಲ. ಯಾರಾದ್ರೂ ಹಾಲೇ ಹಾಕದೆ ಪುಸ್ತಕದಲ್ಲಿ ಲೀಟರ್ ಬರೆಸಿ, ಬಟವಾಡೆ ದಿನ ದುಡ್ಡು ತಗೊಂಡ್ರೆ?"

"ಕಳ್ತನ ಕಣಮ್ಮ ಅದು."

"ಆ ಪುಸ್ತಕ ಬರೆದವನು ನಿಮ್ಮ ಮಗ ಅಂತ ಅವರ ಆರೋಪ."

ಆ ತಾಯಿ ಸ್ವಲ್ಪ ಹೊತ್ತು ಯೋಚಿಸಿ ಕೇಳಿದರು: "ಬರೆಸಿದವನು ಎಲ್ಲವ್ನೆ?"

ಇಡೀ ಕೇಸಿನಲ್ಲಿ ಯಾರೂ ಅದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಲಿಲ್ಲ.

ಈಗ ಲೆಕ್ಕ ಹೇಳುತ್ತೇನೆ. ಗುಜರಿ ಕಬ್ಬಿಣದ ವ್ಯಾಪಾರಿ 10 ಲಕ್ಷದ ಮಾಲು ಕೊಂಡರೆ 18% ಲೆಕ್ಕದಲ್ಲಿ 1.80 ಲಕ್ಷ ಜಿಎಸ್‌ಟಿ ಕೊಡುತ್ತಾನೆ. ಅದನ್ನೇ 12 ಲಕ್ಷಕ್ಕೆ ಮಾರಿದರೆ ಗಿರಾಕಿಯಿಂದ 2.16 ಲಕ್ಷ ಟ್ಯಾಕ್ಸ್ ತಗೊಳ್ಳುತ್ತಾನೆ. ಕೊಂಡಾಗ ಕೊಟ್ಟಿದ್ದ 1.80 ಲಕ್ಷ ಕಳೆದು, ಉಳಿದ 36 ಸಾವಿರ ಸರ್ಕಾರಕ್ಕೆ ಕಟ್ಟುತ್ತಾನೆ. ಆ ಕಳೆಯುವ 1.80 ಲಕ್ಷವೇ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್. ವ್ಯವಸ್ಥೆ ಒಳ್ಳೆಯದೇ. ಟ್ಯಾಕ್ಸ್ ಮೇಲೆ ಟ್ಯಾಕ್ಸ್ ಬೀಳುವುದಿಲ್ಲ.

ವಂಚನೆ ಎಲ್ಲಿ ಶುರುವಾಗುತ್ತದೆ ಅಂದರೆ, ಮಾಲು ಬರದೆ ಬಿಲ್ ಮಾತ್ರ ಬಂದಾಗ. ಯಾರದೋ ಪ್ಯಾನ್, ಯಾರದೋ ಆಧಾರ್, ಯಾವುದೋ ಬಾಡಿಗೆ ಕರಾರು ಇಟ್ಟುಕೊಂಡು ಒಂದು ಫರ್ಮ್ ನೋಂದಾಯಿಸುತ್ತಾರೆ. ಆ ಫರ್ಮ್ ಕೋಟಿ ರೂಪಾಯಿ ಬಿಲ್ ಬರೆಯುತ್ತದೆ. ಬಿಲ್ ಕೊಂಡವನು 18 ಲಕ್ಷ ಕ್ರೆಡಿಟ್ ತೋರಿಸಿ ತನ್ನ ನಿಜವಾದ ಟ್ಯಾಕ್ಸ್ ಕಟ್ಟದೆ ಉಳಿಯುತ್ತಾನೆ. ಬಿಲ್ ಮಾರಿದವನಿಗೆ ಕಮಿಷನ್. ನಡುವೆ ಮೂರು ನಾಲ್ಕು ಫರ್ಮ್ ಇಟ್ಟು ಬಿಲ್ ಸುತ್ತಿಸುತ್ತಾರೆ, ಜಾಡು ಸಿಗಬಾರದು ಅಂತ. ಮಾಲು ಸಾಗಿಸುವಾಗ ಜೊತೆಗಿರಬೇಕಾದ ಇ-ವೇ ಬಿಲ್ಲಿನಲ್ಲಿ ಲಾರಿ ಅಂತ ಬರೆದ ನಂಬರ್ ನೋಡಿದರೆ ಅದು ಯಾರದೋ ಸ್ಕೂಟರ್‌ದು. ಕೊನೆಗೆ ನೋಟಿಸ್ ಹೋಗುವುದು ಆ ಪ್ಯಾನ್ ಕಾರ್ಡಿನ ಯಜಮಾನನಿಗೆ. ಗಾರೆ ಕೆಲಸ ಮಾಡುವವರಿಗೆ, ಆಟೋ ಓಡಿಸುವವರಿಗೆ ಕೋಟಿಗಟ್ಟಲೆ ಟ್ಯಾಕ್ಸ್ ಬಾಕಿ ಅಂತ ಕಾಗದ ಬಂದ ಸುದ್ದಿ ನೀವೂ ಓದಿರುತ್ತೀರಿ. 2023ರ ಮೇ 16ರಿಂದ ಜುಲೈ 15ರವರೆಗೆ ಕೇಂದ್ರ, ರಾಜ್ಯ ಎರಡೂ ಸೇರಿ ದೇಶದ ತುಂಬ ನಕಲಿ ನೋಂದಣಿ ಹುಡುಕುವ ಕಾರ್ಯಾಚರಣೆ ಮಾಡಿದ್ದು ಇದಕ್ಕೇ. ಮರು ವರ್ಷ ಮತ್ತೊಮ್ಮೆ ಮಾಡಬೇಕಾಯಿತು.

ಈ ಬಿಲ್ ಮಾರುವವರ ಮೇಲೆ ನನಗೆ ಭಾವನಿಗಿಂತ ಜಾಸ್ತಿ ಸಿಟ್ಟಿದೆ. ಯಾಕೆ ಅಂದರೆ ಸರ್ಕಾರದ ಬೊಕ್ಕಸಕ್ಕೆ ಆದ ನಷ್ಟ ಅಲ್ಲಿಗೇ ನಿಲ್ಲುವುದಿಲ್ಲ. ಸಿಜಿಎಸ್‌ಟಿ (ಕೇಂದ್ರದ ಜಿಎಸ್‌ಟಿ) ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ನಿಮಗೆ ಮಾಲು ಮಾರಿದವನು ಟ್ಯಾಕ್ಸನ್ನು ನಿಜವಾಗಿ ಸರ್ಕಾರಕ್ಕೆ ಕಟ್ಟಿದ್ದರೆ ಮಾತ್ರ ನಿಮಗೆ ಕ್ರೆಡಿಟ್. ತಾಲೂಕು ಕೇಂದ್ರವೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡ ಒಬ್ಬರು ನನ್ನ ಕಕ್ಷಿದಾರರು. ಕಂಬಿ ಅವರ ಗೋಡೌನಿಗೆ ಬಂದಿದೆ. ಲಾರಿ ಬಾಡಿಗೆ ಕೊಟ್ಟಿದ್ದಾರೆ. ಬಿಲ್ಲಿನ ದುಡ್ಡು ಬ್ಯಾಂಕಿನಿಂದಲೇ ಹೋಗಿದೆ. ಆದರೆ ಮಾರಿದವನು ನಾಪತ್ತೆ, ಅವನ ನೋಂದಣಿ ಹಿಂದಿನ ತಾರೀಖಿನಿಂದಲೇ ರದ್ದು. ಈಗ ಇವರು ಕ್ರೆಡಿಟ್ ವಾಪಸ್ ಕಟ್ಟಬೇಕು, ಬಡ್ಡಿ ಸಮೇತ. ಒಬ್ಬ ಕಳ್ಳನಿಂದ ಎಷ್ಟು ಜನ ನೆಟ್ಟಗಿರುವವರು ಹಾಳಾಗುತ್ತಾರೆ ಅಂತ ನನಗೆ ದಿನಾ ಕಾಣುತ್ತದೆ. ಶಿಕ್ಷೆ ಆಗಲೇಬೇಕು.

ಶಿಕ್ಷೆ ಆಗಬೇಕು ಅನ್ನುವುದರಲ್ಲಿ ಭಾವನಿಗೂ ನನಗೂ ಜಗಳ ಇಲ್ಲ. ಜಗಳ ಇರುವುದು ವಿಚಾರಣೆಗೆ ಮುಂಚಿನ ಜೈಲಿನ ಬಗ್ಗೆ.

ಕಾಯ್ದೆಯ 132ನೇ ಸೆಕ್ಷನ್ ನೋಡಿ. ಮಾಲಿಲ್ಲದೆ ಬಿಲ್ ಕೊಡುವುದು, ಅಂಥ ಬಿಲ್ ಇಟ್ಟುಕೊಂಡು ಕ್ರೆಡಿಟ್ ತಗೊಳ್ಳುವುದು ಎರಡೂ ಅಪರಾಧ. ಮೊತ್ತ 5 ಕೋಟಿ ದಾಟಿದರೆ 5 ವರ್ಷದವರೆಗೆ ಜೈಲು, ಜೊತೆಗೆ ದಂಡ. 2ರಿಂದ 5 ಕೋಟಿ ನಡುವೆ ಇದ್ದರೆ 3 ವರ್ಷದವರೆಗೆ. 5 ಕೋಟಿ ದಾಟದಿದ್ದರೆ ಅದು ಜಾಮೀನು ಸಿಗುವ ಅಪರಾಧ, ಬೇಲ್ ನಿಮ್ಮ ಹಕ್ಕು. ದಾಟಿದರೆ ಜಾಮೀನುರಹಿತ, ಬೇಲ್ ಕೊಡುವುದು ಬಿಡುವುದು ಕೋರ್ಟಿನ ವಿವೇಚನೆ. 18% ದರದಲ್ಲಿ 5 ಕೋಟಿ ಕ್ರೆಡಿಟ್ ಆಗಬೇಕು ಅಂದರೆ ಸುಮಾರು 28 ಕೋಟಿ ರೂಪಾಯಿ ಬಿಲ್ ಇರಬೇಕು. ದೊಡ್ಡ ಮೊತ್ತವೇ. ಆದರೆ ಕಂಪ್ಯೂಟರಿನಲ್ಲಿ ಬಿಲ್ ಹರಿದುಕೊಂಡು ಕೂತವರಿಗೆ ಅದು ಕೆಲವು ತಿಂಗಳ ಕೆಲಸ.

ಈ ಗೆರೆಯನ್ನು ಎಳೆಯುವವರು ಯಾರು? ಅರೆಸ್ಟ್ ಮಾಡುವ ಇಲಾಖೆಯೇ. ಟ್ಯಾಕ್ಸ್ ಎಷ್ಟು ಬಾಕಿ ಅಂತ ನೋಟಿಸ್ ಕೊಟ್ಟು, ಉತ್ತರ ಕೇಳಿ, ಆದೇಶ ಬರೆಯುವ ಕೆಲಸ ಬೇರೆಯೇ ಇದೆ. ಅದು ಮುಗಿಯಲು ವರ್ಷಗಳು ಹಿಡಿಯುತ್ತವೆ. ಅರೆಸ್ಟಿಗೆ ಅದಕ್ಕಾಗಿ ಕಾಯಬೇಕಿಲ್ಲ. 69ನೇ ಸೆಕ್ಷನ್ನಿನಲ್ಲಿ ಕಮಿಷನರ್ ಅವರಿಗೆ "ನಂಬಲು ಕಾರಣ" ಇದ್ದರೆ ಸಾಕು. ಐದು ಫರ್ಮುಗಳ ಬಿಲ್ಲುಗಳನ್ನೆಲ್ಲಾ ಒಬ್ಬನ ತಲೆಗೆ ಕಟ್ಟಿದರೆ 5 ಕೋಟಿ ದಾಟುತ್ತದೆ. ಬೇರೆ ಬೇರೆ ನೋಡಿದರೆ ದಾಟುವುದಿಲ್ಲ. ಕೆಲವು ಬಿಲ್ಲುಗಳ ಹಿಂದೆ ನಿಜವಾದ ಮಾಲು ಇದ್ದರೆ ಆಗಲೂ ದಾಟುವುದಿಲ್ಲ. ನಮ್ಮ ಹುಡುಗನ ಕೇಸಿನಲ್ಲಿ ಆ ಲೆಕ್ಕದ ಪ್ರತಿ ಕೇಳಿದರೆ, ಅರೆಸ್ಟ್ ಮಾಡಿದ ಕಚೇರಿಯವರು ಒಂದು ಪುಟದ ಪಟ್ಟಿ ಕೊಟ್ಟರು. ಫರ್ಮಿನ ಹೆಸರು, ಪಕ್ಕದಲ್ಲಿ ಮೊತ್ತ. ಅಷ್ಟೇ.

2025ರ ಫೆಬ್ರವರಿ 27ರಂದು ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಈ ಬಗ್ಗೆ ದೊಡ್ಡ ತೀರ್ಪು ಕೊಟ್ಟಿತು. ಆಗಿನ ಮುಖ್ಯ ನ್ಯಾಯಮೂರ್ತಿ ಸಂಜೀವ್ ಖನ್ನಾ ಅದರಲ್ಲಿದ್ದರು. ಅರೆಸ್ಟ್ ಮಾಡುವ ಅಧಿಕಾರ ಸಂವಿಧಾನಕ್ಕೆ ವಿರುದ್ಧ ಅಲ್ಲ ಅಂದರು. ಆದೇಶ ಬರುವವರೆಗೆ ಕಾಯಬೇಕಿಲ್ಲ ಅಂತಲೂ ಒಪ್ಪಿದರು. ಇದು ನಮ್ಮ ಕಡೆಯವರಿಗೆ ಕಹಿ. ಆದರೆ ಅದರ ಜೊತೆಗೆ ಹೇಳಿದ್ದು ಬಹಳ ಮುಖ್ಯ. ಬರೀ ಅನುಮಾನದ ಮೇಲೆ ಅರೆಸ್ಟ್ ಸಲ್ಲದು. ಜಾಮೀನುರಹಿತ ಅಪರಾಧ ನಡೆದಿದೆ ಅನ್ನುವುದಕ್ಕೆ ಯಾವ ಸಾಕ್ಷ್ಯ ಇದೆ ಅಂತ ಕಮಿಷನರ್ ಕಾರಣ ಬರೆದಿಡಬೇಕು. ಮೊತ್ತ ಗೆರೆ ದಾಟಿದೆ ಅನ್ನುವುದು ಆ ಕಾರಣಗಳಲ್ಲಿ ಕಾಣಬೇಕು. ಅರೆಸ್ಟಿನ ಬೆದರಿಕೆ ಹಾಕಿ ದುಡ್ಡು ಕಟ್ಟಿಸಿಕೊಳ್ಳುವಂತಿಲ್ಲ. ಹಾಗೆ ಕಟ್ಟಿದವರು ಕೋರ್ಟಿಗೆ ಹೋಗಿ ವಾಪಸ್ ಕೇಳಬಹುದು. ಮತ್ತೊಂದು, ಎಫ್‌ಐಆರ್ ಇಲ್ಲದಿದ್ದರೂ ನಿರೀಕ್ಷಣಾ ಜಾಮೀನು, ಅಂದರೆ ಅರೆಸ್ಟಿಗೆ ಮುಂಚೆಯೇ ಬೇಲ್, ಕೇಳಬಹುದು. 2023ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಅದಕ್ಕೆ ಅಡ್ಡಿಯಾಗುವಂಥ ತೀರ್ಪು ಕೊಟ್ಟಿತ್ತು. ಅದು ಈಗ ಹೋಯಿತು. ಸಮನ್ಸ್ ಕೈಗೆ ಬಂದ ದಿನ ಕೈಕಾಲು ನಡುಗುವ ಜನರನ್ನು ನೋಡಿದವಳು ನಾನು. ಆ ತೀರ್ಪು ಓದಿದ ದಿನ ಕಣ್ಣು ತುಂಬಿ ಬಂತು.

ಇನ್ನೊಂದು ಆದೇಶ ಅದೇ ವರ್ಷ ಏಪ್ರಿಲ್ 28ರದು. ನ್ಯಾಯಮೂರ್ತಿ ಅಭಯ್ ಓಕಾ ಮತ್ತು ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಪೀಠ. ರಾಜಸ್ಥಾನದ ಕೇಸು. ಕ್ರೆಡಿಟ್ ವಂಚನೆಯ ಆರೋಪಿ ಸುಮಾರು 7 ತಿಂಗಳು ಒಳಗಿದ್ದ. ಚಾರ್ಜ್‌ಶೀಟ್ ಆಗಿತ್ತು. ಗರಿಷ್ಠ ಶಿಕ್ಷೆ 5 ವರ್ಷ, ವಿಚಾರಣೆ ನಡೆಸುವುದು ಮ್ಯಾಜಿಸ್ಟ್ರೇಟ್, ಸಾಕ್ಷ್ಯವೆಲ್ಲ ಕಾಗದ ಮತ್ತು ಕಂಪ್ಯೂಟರಿನದು. ಇಂಥ ಕೇಸಿನಲ್ಲೂ ಕೆಳಗಿನ ಯಾವ ಕೋರ್ಟೂ ಬೇಲ್ ಕೊಡಲಿಲ್ಲವಲ್ಲ ಅಂತ ಪೀಠ ಆಶ್ಚರ್ಯಪಟ್ಟಿತು. ಅಸಾಧಾರಣ ಕಾರಣ ಇಲ್ಲದಿದ್ದರೆ ಇಂಥವಕ್ಕೆ ವಿಚಾರಣಾ ಕೋರ್ಟಿನಲ್ಲೇ ಬೇಲ್ ಸಿಗಬೇಕು ಅಂತ ಬರೆಯಿತು. ಒಮ್ಮೆ ಓದಿದರೆ ಸಾಕು, ವಿಷಯ ಅಷ್ಟು ನೇರವಾಗಿದೆ.

ಆ 7 ತಿಂಗಳು ಅನ್ನುವುದನ್ನು ಇನ್ನೊಂದು ಅಂಕಿಯ ಪಕ್ಕ ಇಟ್ಟು ನೋಡಿ. 132ನೇ ಸೆಕ್ಷನ್ನಿನ ಪ್ರಕಾರ ಅಪರಾಧ ಸಾಬೀತಾದರೆ, ವಿಶೇಷ ಕಾರಣ ಇಲ್ಲದಿದ್ದರೆ, ಕನಿಷ್ಠ ಶಿಕ್ಷೆ 6 ತಿಂಗಳು. ಅಂದರೆ ಆತ ತಪ್ಪು ಮಾಡಿದ್ದಾನೆ ಅಂತ ಯಾರೂ ತೀರ್ಮಾನಿಸುವ ಮುಂಚೆಯೇ ಕನಿಷ್ಠ ಶಿಕ್ಷೆಗಿಂತ ಜಾಸ್ತಿ ಅನುಭವಿಸಿದ್ದ. ನಾಳೆ ಕೋರ್ಟು ಅವನು ನಿರಪರಾಧಿ ಅಂದರೆ ಆ ತಿಂಗಳುಗಳನ್ನು ಯಾರು ವಾಪಸ್ ಕೊಡುತ್ತಾರೆ?

ಬೇಲ್ ಅರ್ಜಿ ಹಾಕಿದಾಗ ಇಲಾಖೆಯ ವಕೀಲರು ತಕರಾರು ಸಲ್ಲಿಸುತ್ತಾರೆ. ಅದರಲ್ಲಿ ಬಹುತೇಕ ಮೂರು ಮಾತು ಇರುತ್ತವೆ. ಇದು ಆರ್ಥಿಕ ಅಪರಾಧ, ದೇಶದ ಆರ್ಥಿಕತೆಗೆ ಪೆಟ್ಟು. ತನಿಖೆ ಇನ್ನೂ ನಡೆಯುತ್ತಿದೆ. ಹೊರಗೆ ಬಿಟ್ಟರೆ ಸಾಕ್ಷ್ಯ ನಾಶ ಮಾಡುತ್ತಾನೆ.

ಮೊದಲನೆಯದಕ್ಕೆ ಬಲ ಇದೆ. ಆರ್ಥಿಕ ಅಪರಾಧಗಳನ್ನು ಬೇರೆಯಾಗಿಯೇ ನೋಡಬೇಕು ಅಂತ ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಆದರೆ ಎಲ್ಲ ಆರ್ಥಿಕ ಅಪರಾಧಗಳೂ ಒಂದೇ ಅಲ್ಲ. ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಲ್ಲಿ ಬೇಲ್‌ಗೆ ಬೇರೆಯೇ ಕಠಿಣ ಷರತ್ತುಗಳನ್ನು ಸಂಸತ್ತು ಬರೆದಿದೆ. ಜಿಎಸ್‌ಟಿ ಕಾಯ್ದೆಯಲ್ಲಿ ಅಂಥದ್ದು ಬರೆದಿಲ್ಲ. ಸಂಸತ್ತು ಬರೆಯದ ಷರತ್ತನ್ನು ಕೋರ್ಟಿನಲ್ಲಿ ನಾವೇ ಸೇರಿಸಿಕೊಳ್ಳಬಾರದು.

ಎರಡನೆಯದು, ಮೂರನೆಯದು ನನಗೆ ಒಪ್ಪಿಗೆಯಾಗುವುದಿಲ್ಲ. ರಿಟರ್ನ್‌ಗಳು ಜಿಎಸ್‌ಟಿಎನ್ ಅನ್ನುವ ಜಿಎಸ್‌ಟಿ ಜಾಲದ ಸರ್ವರಿನಲ್ಲಿವೆ. ಅದನ್ನು ಕಟ್ಟಿದವರು ನಮ್ಮ ಬೆಂಗಳೂರಿನ ಇನ್ಫೋಸಿಸ್‌ನವರು, ಆರೋಪಿಯ ಕೈ ಅಲ್ಲಿಗೆ ಹೋಗುವುದಿಲ್ಲ. ಬ್ಯಾಂಕ್ ಲೆಕ್ಕ ಬ್ಯಾಂಕಿನಲ್ಲಿದೆ. ಇ-ವೇ ಬಿಲ್ಲುಗಳಿವೆ, ಲಾರಿ ಟೋಲ್ ದಾಟಿತೋ ಇಲ್ಲವೋ ಅನ್ನುವುದಕ್ಕೆ ಫಾಸ್ಟ್ಯಾಗ್ ದಾಖಲೆ ಇದೆ. ಹುಡುಗನ ಲ್ಯಾಪ್‌ಟಾಪ್, ಮೊಬೈಲ್ ಮೊದಲ ದಿನವೇ ಸೀಲ್ ಆಗಿವೆ. ಇಷ್ಟೆಲ್ಲಾ ಇಲಾಖೆಯ ಕೈಯಲ್ಲಿದ್ದ ಮೇಲೆ ಅವನು ಏನನ್ನು ನಾಶ ಮಾಡಬೇಕು? ಇನ್ನು ತನಿಖೆ. ಜೈಲಿಗೆ ಕಳಿಸಿದ ಮೇಲೆ ಇಲಾಖೆಯವರು ಅವನನ್ನು ಪ್ರಶ್ನೆ ಕೇಳಲು ಅಲ್ಲಿಗೆ ಒಮ್ಮೆಯೂ ಬರಲಿಲ್ಲ. ಹೊರಗಿದ್ದಿದ್ದರೆ ಸಮನ್ಸ್ ಕೊಟ್ಟು ವಾರಕ್ಕೊಮ್ಮೆ ಕರೆಸಬಹುದಿತ್ತು, ಅಲ್ವಾ?

ನನ್ನ ಅಳತೆ ಒಂದೇ. ಈ ಮನುಷ್ಯನಿಂದ ತನಿಖೆಗೆ ಬೇಕಾದದ್ದು ಏನಾದರೂ, ಅವನು ಮನೆಯಲ್ಲಿದ್ದರೆ ಸಿಗದಂಥದ್ದು ಇದೆಯಾ? ಇದ್ದರೆ ಇಲಾಖೆ ಅದನ್ನು ಹೆಸರಿಟ್ಟು ಹೇಳಲಿ. ಇನ್ಯಾರದೋ ಪ್ಯಾನ್ ತಗೊಂಡು ಮತ್ತೆ ಫರ್ಮ್ ತೆರೆಯುತ್ತಾನೆ, ಹಿಂದೆಯೂ ಬೇಲ್ ಮೇಲೆ ಬಂದು ಹಾಗೇ ಮಾಡಿದ್ದಾನೆ ಅಂತ ದಾಖಲೆ ತೋರಿಸಲಿ. ಅಂಥವನಿಗೆ ಬೇಲ್ ಕೊಡಬೇಡಿ ಅಂದರೆ ನಾನೂ ಹೂಂ ಅನ್ನುತ್ತೇನೆ. ದೊಡ್ಡ ಜಾಲ ನಡೆಸುವವರು ನಿಜವಾಗಿಯೂ ಇದ್ದಾರೆ. ಅವರ ಹತ್ತಿರ ಹತ್ತಾರು ಸಿಮ್ ಇರುತ್ತವೆ, ಪಾಸ್‌ಪೋರ್ಟ್ ಇರುತ್ತದೆ, ಸಾಕ್ಷಿಗಳನ್ನು ಹೆದರಿಸುವ ಜನ ಇರುತ್ತಾರೆ. ಅಸಾಧಾರಣ ಕಾರಣ ಅಂದರೆ ಇವು. ಎಲ್ಲರ ಮೇಲೂ ಒಂದೇ ತಕರಾರು ಅಚ್ಚು ಹಾಕಿಸಿಕೊಂಡು ಬಂದರೆ, ಆ ದೊಡ್ಡವನಿಗೂ ಡೇಟಾ ಎಂಟ್ರಿ ಹುಡುಗನಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ವಿಚಿತ್ರ ಏನಂದರೆ, ದೊಡ್ಡವನಿಗೆ ಮೊದಲೇ ಸುಳಿವು ಸಿಕ್ಕಿರುತ್ತದೆ. ಒಳಗೆ ಹೋಗುವುದು ಕುರ್ಚಿಯಲ್ಲಿ ಕೂತವನು.

ಕಾಲದ ಲೆಕ್ಕವೂ ಹೇಳಬೇಕು. ಇಂಥ ಅಪರಾಧದಲ್ಲಿ 60 ದಿನದೊಳಗೆ ಇಲಾಖೆ ಕೋರ್ಟಿಗೆ ದೂರು ಸಲ್ಲಿಸದಿದ್ದರೆ ಆರೋಪಿಗೆ ಬೇಲ್ ಹಕ್ಕಾಗಿಯೇ ಸಿಗುತ್ತದೆ. ಹಾಗಾಗಿ ದೂರು 60ನೇ ದಿನದ ಹತ್ತಿರ ಬಂದು ಬೀಳುತ್ತದೆ. ಬೆಂಗಳೂರಿನಲ್ಲಿ ಇವು ಆರ್ಥಿಕ ಅಪರಾಧಗಳ ವಿಶೇಷ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ಬೇಲ್ ಸಿಗದಿದ್ದರೆ ಸೆಷನ್ಸ್, ಅಲ್ಲೂ ಇಲ್ಲದಿದ್ದರೆ ಹೈಕೋರ್ಟ್. ಒಂದೊಂದು ಮೆಟ್ಟಿಲಿಗೂ ನೋಟಿಸ್, ತಕರಾರಿಗೆ ಸಮಯ, ವಾದ, ಆದೇಶಕ್ಕೆ ತಾರೀಖು. ನಡುವೆ ದಸರಾ ರಜೆಯೋ ಬೇಸಿಗೆ ರಜೆಯೋ ಬಂದರೆ ಮುಗಿಯಿತು. ಯಾರೂ ಅನ್ಯಾಯ ಮಾಡಬೇಕು ಅಂತ ಕೂತಿಲ್ಲ. ಆದರೂ ತಿಂಗಳು ಉರುಳುತ್ತವೆ. ಮೊದಲ ಕೋರ್ಟಿನಲ್ಲೇ ಕೊಡಬೇಕು ಅಂತ ನಾನು ಹಟ ಹಿಡಿಯುವುದು ಇದಕ್ಕೆ. ಹೈಕೋರ್ಟಿನವರೆಗೆ ಹೋಗಲು ದುಡ್ಡು ಬೇಕು. ಎಮ್ಮೆ ಮಾರಬೇಕಾಗುತ್ತದೆ. ಆ ತಾಯಿ ಒಂದನ್ನು ಮಾರಿದರು.

ವಿಚಾರಣೆಯೂ ಬೇಗ ಮುಗಿಯುವಂಥದ್ದಲ್ಲ. ಪೊಲೀಸ್ ಕೇಸಿನಲ್ಲಿ ಚಾರ್ಜ್‌ಶೀಟ್ ಬಂದರೆ ಆರೋಪ ನಿಗದಿ ಮಾಡಿ ಸಾಕ್ಷಿ ಶುರು ಮಾಡುತ್ತಾರೆ. ಇದು ಅಧಿಕಾರಿಯ ದೂರಿನ ಮೇಲೆ ನಡೆಯುವ ಕೇಸು. ಇಲ್ಲಿ ಆರೋಪ ನಿಗದಿಗೂ ಮುಂಚೆ ಒಂದು ಸುತ್ತು ಸಾಕ್ಷಿ, ಆಮೇಲೆ ಮತ್ತೊಂದು ಸುತ್ತು. 5 ವರ್ಷದ ಶಿಕ್ಷೆಯ ಕೇಸು ಮುಗಿಯಲು ಎಷ್ಟು ವರ್ಷ ಹಿಡಿದೀತು ಅಂತ ಯಾವ ವಕೀಲರೂ ಗ್ಯಾರಂಟಿ ಕೊಡುವುದಿಲ್ಲ. ಅಲ್ಲಿಯವರೆಗೂ ಒಳಗಿಡುವುದಾ?

ದುಡ್ಡಿನ ಷರತ್ತಿನ ಬಗ್ಗೆ ಹೇಳಲೇಬೇಕು. "ಇಷ್ಟು ಲಕ್ಷ ಕಟ್ಟಿದರೆ ಬೇಲ್" ಅನ್ನುವ ಆದೇಶಗಳು ಬರುತ್ತಿದ್ದವು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಜಿಎಸ್‌ಟಿ ಕೇಸಿನಲ್ಲಿ ಹೈಕೋರ್ಟ್ ಹಾಕಿದ್ದ 70 ಲಕ್ಷ ಠೇವಣಿಯ ಷರತ್ತನ್ನು ತೆಗೆದುಹಾಕಿತು. ಸರಿಯಾದದ್ದೇ. ಟ್ಯಾಕ್ಸ್ ವಸೂಲಿಗೆ ಇಲಾಖೆಯ ಹತ್ತಿರ ಬೇಕಾದಷ್ಟು ದಾರಿ ಇದೆ. ಬ್ಯಾಂಕ್ ಖಾತೆ ಜಪ್ತಿ ಮಾಡಬಹುದು, ಪೋರ್ಟಲ್‌ನಲ್ಲಿರುವ ಕ್ರೆಡಿಟ್ ಬ್ಲಾಕ್ ಮಾಡಬಹುದು, ಆಸ್ತಿಯ ಮೇಲೆ ಹೋಗಬಹುದು. ಜೈಲಿನ ಬಾಗಿಲಲ್ಲಿ ನಿಂತು ವಸೂಲಿ ಮಾಡಿದರೆ, ದುಡ್ಡಿದ್ದವನು ಹೊರಗೆ ಬರುತ್ತಾನೆ, ಸಂಬಳಕ್ಕಿದ್ದವನು ಒಳಗೇ ಉಳಿಯುತ್ತಾನೆ. ಇದರಲ್ಲಿ ನಮ್ಮ ವಕೀಲರದ್ದೂ ಪಾಲಿದೆ. ಬೇಲ್ ಸಿಗಲಿ ಅಂತ ಕಕ್ಷಿದಾರರ ಪರವಾಗಿ ಕೋಟಿ ಕಟ್ಟುತ್ತೇವೆ ಅಂತ ಒಪ್ಪಿಕೊಂಡು, ಹೊರಗೆ ಬಂದ ಮೇಲೆ ಷರತ್ತು ಕಠಿಣ ಆಯಿತು ಅಂತ ಮೇಲಿನ ಕೋರ್ಟಿಗೆ ಹೋಗುವವರು ಇದ್ದಾರೆ. ಅದನ್ನು ಸುಪ್ರೀಂ ಕೋರ್ಟ್ 2025ರಲ್ಲಿ ಕಟುವಾಗಿಯೇ ಖಂಡಿಸಿತು. ಅಂಥ ಮಾತು ಕೊಡುವುದು ಮುಂದಿನವನ ಬೇಲ್‌ಗೂ ಕಲ್ಲು ಹಾಕಿದಂತೆ.

ನಮ್ಮ ಹುಡುಗನಿಗೆ ಕೊನೆಗೆ ಸೆಷನ್ಸ್ ಕೋರ್ಟಿನಲ್ಲಿ ಬೇಲ್ ಆಯಿತು. ಎರಡು ಶ್ಯೂರಿಟಿ ಅಂದರು. ಊರಿನಿಂದ ಸೋದರಮಾವ ಪಹಣಿ, ಆಧಾರ್ ಹಿಡಿದು ಬಂದರು. ಅವರ ಪಹಣಿಯಲ್ಲಿ ಇನ್ನೂ ತೀರಿಹೋದ ಅವರ ತಂದೆಯ ಹೆಸರೇ ಇತ್ತು. ಪೌತಿ ಖಾತೆ ಮಾಡಿಸಿರಲಿಲ್ಲ. ಇನ್ನೊಬ್ಬರನ್ನು ಹುಡುಕಬೇಕಾಯಿತು. ಕೋರ್ಟಿನ ಹೊರಗೆ ಬಾಡಿಗೆ ಶ್ಯೂರಿಟಿ ಕೊಡುವವರು ಬಂದು ನಿಲ್ಲುತ್ತಾರೆ, ನಕಲಿ ಪಹಣಿ ಸಮೇತ. ನಕಲಿ ಬಿಲ್ಲಿನ ಆರೋಪಿಗೆ ನಕಲಿ ಪಹಣಿಯ ಜಾಮೀನು ಕೊಡಿಸಲು ನಾನು ಸಿದ್ಧಳಿರಲಿಲ್ಲ. ಆದೇಶ ಬಂದ ಮೇಲೂ ಅವನು ಕೆಲವು ದಿನ ಒಳಗೇ ಇದ್ದ. 2023ರ ಜನವರಿ 31ರ ಸುಪ್ರೀಂ ಕೋರ್ಟ್ ಸೂಚನೆ ಇದೆ: ಬೇಲ್ ಆಗಿ ಒಂದು ತಿಂಗಳಾದರೂ ಶ್ಯೂರಿಟಿ ಕೊಡಲು ಆಗದಿದ್ದರೆ ಕೋರ್ಟೇ ಷರತ್ತನ್ನು ಮತ್ತೆ ನೋಡಬಹುದು. ಬಹಳ ಮನೆಯವರಿಗೆ ಇದು ಗೊತ್ತಿಲ್ಲ. ಕೇಳಿ, ಅರ್ಜಿ ಹಾಕಿಸಿ.

ಅವನಿಗೆ ಹಾಕಿದ ಉಳಿದ ಷರತ್ತುಗಳು ನನಗೆ ಸರಿ ಅನ್ನಿಸಿದವು. ಪಾಸ್‌ಪೋರ್ಟ್ ಇದ್ದರೆ ಒಪ್ಪಿಸಬೇಕು. ಕರೆದಾಗ ತನಿಖೆಗೆ ಬರಬೇಕು. ಒಂದೇ ಮೊಬೈಲ್ ನಂಬರ್, ಅದನ್ನು ಬದಲಾಯಿಸುವಂತಿಲ್ಲ. ಆ ಫರ್ಮುಗಳ ಯಾರ ಜೊತೆಗೂ ಮಾತಾಡುವಂತಿಲ್ಲ. ಅವನು ಈಗ ಪ್ರತಿ ತಾರೀಖಿಗೂ ಬರುತ್ತಾನೆ, ರಾತ್ರಿ ಬಸ್ಸಿನಲ್ಲಿ ಹೊರಟು ಬೆಳಿಗ್ಗೆ ನನ್ನ ಆಫೀಸಿನಲ್ಲೇ ಮುಖ ತೊಳೆದುಕೊಳ್ಳುತ್ತಾನೆ. ಅಕೌಂಟ್ಸ್ ಕೆಲಸ ಯಾರೂ ಕೊಡುತ್ತಿಲ್ಲ. ಊರಿನಲ್ಲಿ ಅಮ್ಮನ ಜೊತೆ ಇದ್ದಾನೆ. ಅವನು ತಪ್ಪು ಮಾಡಿದ್ದಾನಾ, ಎಷ್ಟು ಗೊತ್ತಿತ್ತು ಅನ್ನುವುದನ್ನು ಕೋರ್ಟು ಸಾಕ್ಷಿ ನೋಡಿ ಹೇಳಬೇಕು. ಅದನ್ನು ಎದುರಿಸಲು ಅವನು ಹೊರಗಿದ್ದು ಕಾಗದ ಹುಡುಕಬೇಕು, ನನ್ನ ಜೊತೆ ಕೂತು ಬಿಲ್ಲುಗಳನ್ನು ತಾಳೆ ನೋಡಬೇಕು. ಯಾವ ಫರ್ಮಿನ ಎಂಟ್ರಿ ಯಾರ ಮೆಸೇಜ್ ಮೇಲೆ ಆಯಿತು ಅಂತ ಅವನಿಗೆ ಮಾತ್ರ ಗೊತ್ತು. ಜೈಲಿನ ಭೇಟಿಯ ಅಷ್ಟು ಹೊತ್ತಿನಲ್ಲಿ ಅದು ಆಗುವ ಕೆಲಸ ಅಲ್ಲ.

ಇನ್ನು ಅಕೌಂಟ್ಸ್ ಕೆಲಸಕ್ಕೆ ಸೇರಿರುವ ಹುಡುಗ ಹುಡುಗಿಯರಿಗೆ ಒಂದಿಷ್ಟು. ಮಾಲೀಕರ ಫರ್ಮಿನ ನೋಂದಣಿಗೆ ನಿಮ್ಮ ಮೊಬೈಲ್ ನಂಬರ್, ನಿಮ್ಮ ಇಮೇಲ್ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಬದಲಾಯಿಸಿ ಅಂತ ಬರಹದಲ್ಲಿ ಕೇಳಿ, ಆ ಮೆಸೇಜ್ ಉಳಿಸಿಕೊಳ್ಳಿ. ಬಿಲ್ ಬಂದು ಮಾಲು ಬರದಿದ್ದರೆ ಪ್ರಶ್ನೆ ಕೇಳಿ. ಜಿಎಸ್‌ಟಿ ಪೋರ್ಟಲ್‌ನಲ್ಲಿ ಪ್ಯಾನ್ ನಂಬರ್ ಹಾಕಿ ಹುಡುಕುವ ಜಾಗ ಇದೆ, ಲಾಗಿನ್ ಬೇಕಿಲ್ಲ. ನಿಮ್ಮ ಪ್ಯಾನ್ ಹಾಕಿ ನೋಡಿ, ಅಪ್ಪ ಅಮ್ಮನದ್ದೂ ಹಾಕಿ ನೋಡಿ. ನಿಮಗೆ ಗೊತ್ತಿಲ್ಲದ ನೋಂದಣಿ ಕಂಡರೆ ಅವತ್ತೇ ದೂರು ಕೊಡಿ. ಸಮನ್ಸ್ ಬಂದರೆ ತಪ್ಪಿಸಿಕೊಳ್ಳಬೇಡಿ, ಹೋಗಿ. ಆದರೆ ಹೋಗುವ ಮುಂಚೆ ವಕೀಲರನ್ನು ನೋಡಿ, ನಿರೀಕ್ಷಣಾ ಜಾಮೀನು ಬೇಕಾ ಅಂತ ಕೇಳಿ. ಅರೆಸ್ಟ್ ಮಾಡಿದರೆ ಕಾರಣಗಳನ್ನು ಬರಹದಲ್ಲಿ ಕೊಡಬೇಕು ಅಂತ ಇಲಾಖೆಯ ಮೇಲಿನ ಮಂಡಳಿಯೇ 2025ರ ಜನವರಿಯಲ್ಲಿ ಸೂಚನೆ ಕೊಟ್ಟಿದೆ. ಆ ಕಾಗದವನ್ನು ಕೇಳಿ ತಗೊಳ್ಳಿ, ಮನೆಯವರ ಕೈಗೆ ಒಂದು ಪ್ರತಿ ತಲುಪಿಸಿ. ಬೇಲ್ ಅರ್ಜಿಗೆ ನಾವು ಮೊದಲು ಕೇಳುವ ಕಾಗದ ಅದೇ.